ಹೆಸರು ಕೊಟ್ಟವನು

೨೦೨೪ರ ನವೆಂಬರ್ ೫, ಮಂಗಳವಾರ ಬೆಳಿಗ್ಗೆ ಯಾದಗಿರಿಯ ಸೈಬರ್ ಠಾಣೆಗೆ ಬಂದ ದೂರನ್ನು ಯಾರೂ ಹೊತ್ತು ತಂದಿರಲಿಲ್ಲ. ದಿನವೂ ಆ ಠಾಣೆಯ ಮೆಟ್ಟಿಲು ಹತ್ತುವವರು ಒಟಿಪಿ ಹೇಳಿ ಕೈ ಸುಟ್ಟುಕೊಂಡ ಮಾಸ್ತರರು, ಲಾಟರಿ ಹೊಡೆಯಿತೆಂದು ನಂಬಿದ ಕಿರಾಣಿ ಅಂಗಡಿಯವರು. ಈ ದೂರು ಮಾತ್ರ ಪೋರ್ಚುಗಲ್ ದೇಶದ ಲಿಸ್ಬನ್ನಿನಲ್ಲಿ ಹುಟ್ಟಿ, ದೆಹಲಿ ಮುಟ್ಟಿ, ಬೆಂಗಳೂರು ಸುತ್ತಿ, ಎಸ್ಪಿ ಕಚೇರಿಯ ಮೂಲಕ ಇನ್‌ಸ್ಪೆಕ್ಟರ್ ಮರಿಲಿಂಗಪ್ಪನ ಕಂಪ್ಯೂಟರಿಗೆ ಬಂದು ಕೂತಿತ್ತು. ರಾಮಸಮುದ್ರದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಅರ್ಧ ಆಯುಷ್ಯ ಖಾಕಿಯಲ್ಲಿ ಕಳೆದವನು ಮರಿಲಿಂಗಪ್ಪ. ಹೊರದೇಶದ ಪೊಲೀಸರಿಂದ ಅವನಿಗೆ ಪತ್ರ ಬಂದದ್ದು ಇದೇ ಮೊದಲು.

ಬರೆದವಳು ತೆರೆಸಾ ಎಂಬ ತನಿಖಾಧಿಕಾರಿ. ಸೆಪ್ಟೆಂಬರಿನಲ್ಲಿ ಅವಳ ಊರಿನ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಿದ್ದಳು. ಹುಡುಗಿಯ ಫೋನ್ ತೆರೆದು ನೋಡಿದರೆ ಅದರ ಹಿಂದೆ ಒಂದು ಗುಂಪಿತ್ತು. ನಾಲ್ಕೈದು ದೇಶದವರು, ಒಬ್ಬರ ಮುಖ ಒಬ್ಬರು ಕಾಣದವರು. ಅವರದೊಂದು ಆಟ. ಗುಂಪಿನಲ್ಲಿ ಒಬ್ಬ ತನಗೆ ಗೊತ್ತಿರುವ ಹುಡುಗಿಯ ಹೆಸರು ಕೊಡಬೇಕು, ಉಳಿದವರೆಲ್ಲ ಸೇರಿ ಅವಳ ಬೆನ್ನು ಹತ್ತಬೇಕು. ಹಗಲೂ ರಾತ್ರಿಯೂ ಬೈಗುಳ, ಬೆದರಿಕೆ, ಅವಳ ಮುಖ ಅಂಟಿಸಿದ ಸುಳ್ಳು ಚಿತ್ರಗಳು. ಅವಳು ಪೂರ್ತಿ ಮುರಿದು ಬೀಳುವ ತನಕ ಯಾರೂ ಕೈಬಿಡುವಂತಿಲ್ಲ. ಇದನ್ನು ಆಟ ಎಂದು ಕರೆದ ನಾಲಿಗೆಗೆ ಹುಳ ಬೀಳಲಿ ಎಂದು ಮರಿಲಿಂಗಪ್ಪ ಮನಸ್ಸಿನಲ್ಲೇ ಶಪಿಸಿದ.

ಲಿಸ್ಬನ್ನಿನ ಹುಡುಗಿಯ ನಂತರ ಗುಂಪಿಗೆ ಬಿದ್ದ ಹೆಸರು ಭಾರತದ ಒಬ್ಬ ಹುಡುಗಿಯದು. ಹೆಸರು, ನಂಬರು ಇದ್ದ ಸಂದೇಶವನ್ನು ಗುಂಪಿನವರು ಅಳಿಸಿದ್ದರು. ಉಳಿದದ್ದು ಎರಡೇ: ಹುಡುಗಿಯ ಒಂದು ಚಿತ್ರ ಮತ್ತು ಹೆಸರು ಕೊಟ್ಟವನು ಕಳಿಸಿದ ಒಂದು ಧ್ವನಿ ತುಣುಕು. ಅವನು ನಿಮ್ಮ ಜಿಲ್ಲೆಯ ಸುತ್ತಮುತ್ತ ಎಲ್ಲೋ ಇದ್ದಾನೆ, ಅಳಿಸಿದ್ದನ್ನು ಆ್ಯಪಿನ ಕಂಪನಿಯಿಂದ ತರಿಸಲು ದಿನ ಹಿಡಿಯುತ್ತದೆ, ಅಷ್ಟು ದಿನ ಹುಡುಗಿಗೆ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದು ತೆರೆಸಾ ಬರೆದಿದ್ದಳು. ಧ್ವನಿಯ ಬಗ್ಗೆ ಬೇರೆಯಾಗಿಯೇ ಒಂದು ಸಾಲಿತ್ತು. ಅದರಲ್ಲಿ ಯಾರೋ ವೃದ್ಧೆಯನ್ನು ಹಿಂಸಿಸುತ್ತಿರುವಂತಿದೆ, ದಯವಿಟ್ಟು ತುರ್ತಾಗಿ ಗಮನಿಸಿ.

ಮರಿಲಿಂಗಪ್ಪ ಧ್ವನಿ ಹಚ್ಚಿದ. ತಾಟು ಬಡಿಯುವ ಸದ್ದು, ಅದರ ಮೇಲೆ ಗಂಟಲು ಹರಿಯುವಂಥ ಕೂಗು. "ಹಾ... ಹಾ... ಹೋಗ್ರಲೇ! ನಿಮ್ಮ ಬಾಯಾಗ ಮಣ್ಣ್ ಬೀಳ್ಲಿ! ನಿಮ್ಮಪ್ಪನ ಹೊಲ ಅದ ಏನಲೇ!"

ಕಾನ್‌ಸ್ಟೇಬಲ್ ಅನ್ವರಬಿ ಓಡಿ ಬಂದಳು. ಗುರುಮಠಕಲ್ ಕಡೆಯವಳು, ಚುರುಕಿನ ಹುಡುಗಿ. "ಯಾರನ್ನ ಹೊಡ್ಯಾಕತ್ಯಾರ್ರಿ ಸರ್?"

"ಯಾರನ್ನೂ ಹೊಡ್ಯಾಕತ್ತಿಲ್ಲವ್ವ. ಮುದುಕಿ ಗುಬ್ಬಿ ಓಡಿಸಾಕತ್ಯಾಳ."

ಅನ್ವರಬಿ ನಕ್ಕಳು, ಅವನೂ ನಕ್ಕ. ಆಮೇಲೆ ಚಿತ್ರ ತೆರೆದ. ಕಾಲುವೆಯ ಗೇಟಿನ ಕಟ್ಟೆಯ ಮೇಲೆ ಕುಳಿತ ಹುಡುಗಿ, ಎರಡು ಜಡೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಇಬ್ಬರ ನಗುವೂ ಅಲ್ಲಿಗೇ ನಿಂತಿತು.

ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಸೀಮೆಯಲ್ಲಿ ಜೋಳದ ಹೊಲಗಳು ಗದ್ದೆಗಳಾದವು. ಭತ್ತದ ಹಿಂದೆ ಹಕ್ಕಿ ಬಂದವು, ಹಕ್ಕಿಯ ಹಿಂದೆ ಮೈಕು ಬಂತು. ಬ್ಯಾಟರಿಯ ಸಣ್ಣ ಮೈಕಿನಲ್ಲಿ ಮನೆಯವರೊಬ್ಬರು ಒಮ್ಮೆ ಕೂಗಿ ತುಂಬಿಸಿಟ್ಟರೆ ಸಾಕು, ಬೆಳಗಿನಿಂದ ಸಂಜೆಯ ತನಕ ಅದು ಅದನ್ನೇ ಕೂಗುತ್ತದೆ. ತೆನೆ ಹಾಲು ತುಂಬುವ ಈ ದಿನಗಳಲ್ಲಿ ಕಾಲುವೆ ಏರಿಯ ಮೇಲೆ ನಡೆದರೆ ಜಗಳಗಂಟಿಯರ ಸಂತೆ ನೆರೆದ ಹಾಗಿರುತ್ತದೆ. ಒಂದೊಂದು ಹೊಲಕ್ಕೆ ಒಂದೊಂದು ಗಂಟಲು. ಆ ಗಂಟಲು ಹುಡುಕಿದರೆ ಹುಡುಗಿ ಸಿಕ್ಕಾಳು ಎಂದು ಮರಿಲಿಂಗಪ್ಪ ಲೆಕ್ಕ ಹಾಕಿದ.

ಬುಧವಾರ ಬೆಳಕು ಹರಿಯುತ್ತಲೇ ಜೀಪು ಹೊರಟಿತು. ಶಹಾಪುರದಿಂದ ಸುರಪುರದ ಕಡೆಗೆ ಏರಿಯ ಮೇಲೇ ಸಾಗಿದರು. ಪ್ರತಿ ಹೊಲದ ಹತ್ತಿರ ಇಳಿಯುವುದು, ಕಿವಿಗೊಡುವುದು, ಮತ್ತೆ ಹತ್ತುವುದು. ಒಂದು ಕಡೆ ಗಂಡಸಿನ ಕೂಗು, ಒಂದು ಕಡೆ ನಾಯಿ ಬೊಗಳಿದ್ದು, ಒಂದು ಕಡೆ ಯಾರೋ ರಸಿಕ ಪಟಾಕಿಯ ಸದ್ದು ತುಂಬಿಸಿದ್ದ. ಕಾಲುವೆಯಲ್ಲಿ ನೀರಿರಲಿಲ್ಲ. ಸರದಿ ಪ್ರಕಾರ ಗೇಟು ಇಳಿಸಿದ್ದರು. ತಳದ ಕೆಸರಿನಲ್ಲಿ ಬೆಳ್ಳಕ್ಕಿಗಳು ಮೀನು ಹೆಕ್ಕುತ್ತಿದ್ದವು.

ಊಟದ ಹೊತ್ತು ಮೀರಿದ ಮೇಲೆ, ಸುರಪುರ ತಾಲ್ಲೂಕಿನ ಸೀಮೆ ಹೊಕ್ಕು ಸ್ವಲ್ಪ ದೂರದಲ್ಲಿ, ಅನ್ವರಬಿ ಜೀಪಿನಿಂದ ಜಿಗಿದಳು. "ಸರ್! ನಿಮ್ಮಪ್ಪನ ಹೊಲ ಅದ ಏನಲೇ!"

ಅದೇ ತಾಟು, ಅದೇ ಗಂಟಲು. ಬದುವಿನ ಮೇಲೆ ಒಬ್ಬ ಮುದುಕಿ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ಅವಳ ಮೈಕು ಅವಳಿಗಿಂತ ಜೋರಾಗಿ ಬದುಕುತ್ತಿತ್ತು. ಹೆಸರು ತಿಮ್ಮವ್ವ. ಕುರಿ ಕಾಯುವ ಮನೆತನ, ಕಾಲುವೆ ಬಂದ ಮೇಲೆ ಎರಡೆಕರೆ ಭತ್ತ. ಪಕ್ಕದಲ್ಲಿ ಇಪ್ಪತ್ನಾಲ್ಕು ವರ್ಷದ ಮಗ ಅಮೋಘಸಿದ್ದ ಕುಡುಗೋಲು ಮಸೆಯುತ್ತಿದ್ದ. ಮರಿಲಿಂಗಪ್ಪ ಧ್ವನಿಯ ಸುದ್ದಿ ಎತ್ತಲಿಲ್ಲ. ಚಿತ್ರ ಮಾತ್ರ ತೋರಿಸಿದ.

"ಯವ್ವಾ, ಈ ಹುಡುಗೀನ ನೋಡೀಯೇನು?"

ಮುದುಕಿ ಕಣ್ಣು ಹತ್ತಿರ ತಂದಳು. "ಅಯ್ಯ, ನಮ್ಮ ಮಾಳಿ ಇದು! ನನ್ನ ಮಗಳ ಮಗಳ್ರಿ. ಏನಾಗ್ಯಾದ ಸಾಹೇಬ?"

ಅಮೋಘಸಿದ್ದ ಕುಡುಗೋಲು ಕೆಳಗಿಟ್ಟು ಎದ್ದ. "ನಮ್ಮಕ್ಕನ ಮಗಳ್ರಿ ಸಾಹೇಬ್ರ. ಮಾಳಮ್ಮ. ಶಿರವಾಳದ ಹಾದ್ಯಾಗ ದೊಡ್ಡಿ ಅದ, ಅಲ್ಲಿರ್ತಾರ್ರಿ."

"ಈಗ ಆರಾಮದಾಳೇನು?"

ಅವನು ಕೈಯ ಧೂಳು ಝಾಡಿಸಿದ. "ಆರಾಮಿಲ್ರಿ. ಫೋನಿನಾಗ ಯಾರೋ ಆಕಿ ಬೆನ್ನ ಹತ್ಯಾರ. ಬರ್ರಿ, ನಾ ತೋರಸ್ತೀನಿ ಮನಿ."

ದಾರಿಯುದ್ದಕ್ಕೂ ಅವನೇ ಮಾತಾಡಿದ. ಮಾಳಮ್ಮ ಹತ್ತನೇ ಇಯತ್ತೆಯಲ್ಲಿ ಶಾಲೆಗೇ ಮೊದಲು ಬಂದವಳು, ಶಹಾಪುರದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಳು, ನರ್ಸ್ ಆಗಬೇಕೆಂದಿದ್ದಳು. ಹೇಳುತ್ತಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಇಂಥ ಸೋದರಮಾವ ಎಲ್ಲ ಹುಡುಗಿಯರಿಗೂ ಇರಲಿ ಎಂದು ಮರಿಲಿಂಗಪ್ಪನಿಗೆ ಅನ್ನಿಸಿತು. ಲಿಸ್ಬನ್ನಿನಿಂದ ಪತ್ರ ಬಂದದ್ದನ್ನೂ ಹೊರದೇಶದ ಪೊಲೀಸರು ಆ ಗುಂಪಿನ ಬೆನ್ನು ಹತ್ತಿದ್ದನ್ನೂ ಅವನಿಗೆ ಧೈರ್ಯ ಬರಲೆಂದು ಹೇಳಿಬಿಟ್ಟ. ಬೇಕಾದಾಗ ಕರೆಯಲೆಂದು ಅವನ ಕೈಯಿಂದಲೇ ಅವನ ಫೋನ್ ನಂಬರನ್ನೂ ಬರೆಸಿಕೊಂಡ.

ದೊಡ್ಡಿಯಲ್ಲಿ ಹತ್ತಿಪ್ಪತ್ತು ಮನೆ, ಮನೆಗೊಂದು ಕುರಿ ಹಟ್ಟಿ. ಮಾಳಮ್ಮನ ಅಪ್ಪ ಅಯ್ಯಣ್ಣ ಹೊರಗೆ ಕಂಬಳಿ ಹಾಸಿದ. ತಾಯಿ ಹಣಮಮ್ಮ ಬಾಗಿಲ ಮರೆಯಲ್ಲಿ ನಿಂತಳು. ಹುಡುಗಿ ಒಳಗಿದ್ದಳು, ಹೊರಗೆ ಬರಲಿಲ್ಲ.

"ಯಾವಾಗಿಂದ ಇದು?"

"ದಸರಾ ಆದ ಮ್ಯಾಲ್ರಿ," ಎಂದ ಅಯ್ಯಣ್ಣ. "ಮೊದ್ಲ ಆಕಿ ಫೋನಿಗಿ ಬರ್ತಿದ್ವು. ನಮಗ ಹೇಳಿಲ್ಲ. ಆಮ್ಯಾಲ ನನ್ನ ಫೋನಿಗಿ ಬಂದ್ವು, ಚಿತ್ರ. ಮಗ್ಗಲ ಮನಿಯವರಿಗಿ ಬಂದ್ವು."

"ದೂರು ಯಾಕ ಕೊಡ್ಲಿಲ್ಲ?"

"ಕೊಟ್ಟು ಏನು ಮಾಡೋದ್ರಿ? ಸಾಲಿ ಬಿಡಿಸೀವಿ. ಫೋನ್ ಕಸಗೊಂಡೀವಿ. ತುಳಸಿ ಲಗ್ನ ಆದ ಮರುದಿನ ಆಕೀದೂ ಮಾಡಿ ಮುಗಸ್ತೀವಿ."

"ಯಾರ ಜೋಡಿ?"

ಅಯ್ಯಣ್ಣ ಅಮೋಘಸಿದ್ದನ ಕಡೆ ಕೈ ತೋರಿಸಿದ. "ತೊಟ್ಲಾಗಿದ್ದಾಗ ಮಾತಾಗಿತ್ರಿ, ಅಕ್ಕನ ಮಗಳು ಅವನಿಗೇ ಅಂತ. ಆಕಿ ಕಲೀತೀನಂತ ಹಟ ಹಿಡದಿದ್ಳು, ನಾವೂ ಬಿಟ್ಟಿದ್ವಿ. ಈಗ ಹೆಸರು ಕೆಟ್ಟ ಮ್ಯಾಲೂ ಮಾಡ್ಕೋತೀನಿ ಅಂದಾನ. ಮನಷ್ಯಾ ಅಂದ್ರ ಹಿಂಗಿರಬೇಕ್ರಿ."

"ಹುಡುಗಿಗಿ ಹದಿನಾರು. ಕಾನೂನು ಮಾಲೂಮಿಲ್ಲೇನು?"

"ಮಾಲೂಮದ್ರಿ ಸಾಹೇಬ್ರ. ಊರ ಮಂದಿ ಕಣ್ಣಾಗಿರೋ ಚಿತ್ರ ಕಾನೂನು ಅಳಸ್ತದೇನ್ರಿ?"

ಅಷ್ಟರಲ್ಲಿ ಅಯ್ಯಣ್ಣನ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಹೊರದೇಶದ ನಂಬರು. ಎತ್ತಿದರೆ ಯಾರೋ ನಗುತ್ತಿದ್ದರು, ಮುರುಕು ಉಚ್ಚಾರದಲ್ಲಿ ಹುಡುಗಿಯ ಹೆಸರು ಕರೆಯುತ್ತಿದ್ದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಅಮೋಘಸಿದ್ದನ ಮುಖ ಬಿಳಿಚಿಕೊಂಡಿತ್ತು. ಸೋದರಮಾವನ ಸಂಕಟ ಎಂದುಕೊಂಡ ಮರಿಲಿಂಗಪ್ಪ ಅವನ ಭುಜ ತಟ್ಟಿದ.

ಗುರುವಾರ ಅನ್ವರಬಿ ಖಾಕಿ ಬಿಟ್ಟು ಚೂಡಿದಾರ ತೊಟ್ಟು ಬಂದಳು. ಕುರಿ ಹಟ್ಟಿಯ ಹಿಂದೆ ಮಾಳಮ್ಮನನ್ನು ಕೂರಿಸಿಕೊಂಡು, ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಕುರಿಯ ಸುದ್ದಿಯನ್ನೇ ಆಡಿದಳು. ಮರಿಲಿಂಗಪ್ಪ ತುಸು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಚಿತ್ರದಲ್ಲಿ ನಗುತ್ತಿದ್ದ ಹುಡುಗಿಗೂ ಇವಳಿಗೂ ಸಂಬಂಧವೇ ಇರಲಿಲ್ಲ. ಕಣ್ಣ ಕೆಳಗೆ ಕಪ್ಪು, ದನಿಯಲ್ಲಿ ಜೀವವಿಲ್ಲ.

"ರಾತ್ರಿ ನಿದ್ದಿ ಬರ್ತದೇನವ್ವ?"

"ಇಲ್ರಿ ಅಕ್ಕಾ."

"ಏನು ವಿಚಾರ ಮಾಡ್ತಿ?"

ಮಾಳಮ್ಮ ಮರಿಯ ಕಿವಿ ಸವರಿದಳು. "ದೀಪಾವಳಿ ಅಮಾಸಿ ದಿನ ಕಾಲುವಿಗಿ ಹೋಗಿದ್ದೆರಿ. ನೀರು ಬಂದ್ ಇತ್ತು. ತಿರುಗಿ ಬಂದೆ."

ಬಸ್ಸು ಬರಲಿಲ್ಲ, ಅದಕ್ಕೇ ಮನೆಗೆ ಬಂದೆ ಎನ್ನುವ ಹಾಗೆ ಹೇಳಿದಳು. ಅನ್ವರಬಿ ಅವಳ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಮರಿಲಿಂಗಪ್ಪನಿಗೂ ಆ ವಯಸ್ಸಿನ ಮಗಳಿದ್ದಳು. ಕಾಲುವೆಗೆ ಮತ್ತೆ ನೀರು ಬಿಡುವುದು ಸೋಮವಾರ ಎಂದು ಬೆಳಿಗ್ಗೆಯಷ್ಟೇ ದೊಡ್ಡಿಯವರ ಬಾಯಲ್ಲಿ ಕೇಳಿದ್ದ. ಭತ್ತಕ್ಕೆ ನೀರು ಬರುತ್ತದೆಂದು ಊರೇ ಕಾದಿತ್ತು. ಅವನಿಗೆ ಮಾತ್ರ ಆ ಸೋಮವಾರ ಬಾರದೇ ಇರಲಿ ಅನ್ನಿಸಿತು.

ಹತ್ತಿರ ಬಂದು ಕುಳಿತು ಚಿತ್ರ ತೋರಿಸಿದ. "ಇದು ಯಾವಾಗ ತೆಗೆದಿದ್ದು?"

"ಯುಗಾದಿಗ್ರಿ. ಅಜ್ಜಿ ಊರಾಗ. ನಾ ಸ್ಟೇಟಸ್ ಇಟ್ಟಿದ್ದೆ, ಎಲ್ಲಾರ ಕಡಿಗೂ ಅದ."

"ಅಜ್ಜಿ ಹೊಲಕ್ಕ ಆಮ್ಯಾಲ ಹೋಗಿದ್ದೇನು? ಮೈಕ್ ಹಚ್ಚಿದ ಮ್ಯಾಲ?"

"ಯಾವ ಮೈಕ್ರಿ?"

"ಗುಬ್ಬಿ ಓಡಿಸೋದು. ನಿಮ್ಮಜ್ಜಿ ಕೂಗಿದ್ದು."

"ನಂಗೊತ್ತಿಲ್ರಿ. ಯುಗಾದಿ ಆದ ಮ್ಯಾಲ ನಾ ಹೋಗೇ ಇಲ್ಲ."

ಮರಿಲಿಂಗಪ್ಪ ಕುಳಿತಲ್ಲೇ ಕಲ್ಲಾದ. ಧ್ವನಿ ಕಳಿಸಿದವನು ಹೆಸರು ಕೊಟ್ಟವನು. ಆ ಮೈಕಿನ ಕೆಳಗೆ ಫೋನ್ ಹಿಡಿದು ನಿಂತವನೂ ಅವನೇ. ಹುಡುಗಿಯನ್ನು ಹುಡುಕುವ ಗಡಿಬಿಡಿಯಲ್ಲಿ ಇಷ್ಟು ಸರಳ ಮಾತು ಅವನ ತಲೆಗೆ ಹೊಳೆದೇ ಇರಲಿಲ್ಲ. ಆ ಹೊಲದಲ್ಲಿ ದಿನವೂ ಇರುವವರು ಇಬ್ಬರು. ತಿಮ್ಮವ್ವನಿಗೆ ಫೋನ್ ಹಿಡಿಯಲೂ ಬಾರದು. ಇನ್ನೊಬ್ಬನನ್ನು ಅವನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಬಾಯ್ತುಂಬ ಗುಟ್ಟು ಹೇಳಿಕೊಂಡು, ಭುಜ ಬೇರೆ ತಟ್ಟಿ ಬಂದಿದ್ದ. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೇ ಶಹಬ್ಬಾಸ್ ಹೇಳಿದ ಇನ್‌ಸ್ಪೆಕ್ಟರ್ ಅವನು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಆದರೆ ಅನುಮಾನ ಸಾಕ್ಷಿಯಾಗದು. ಬದುವಿನ ಮೇಲೆ ಹಾದುಹೋಗುವ ಯಾವನೂ ಆ ಧ್ವನಿ ಹಿಡಿಯಬಹುದು. ಸಂಜೆ ಮಾಳಮ್ಮನ ಹೇಳಿಕೆಯ ಮೇಲೆ ಪೋಕ್ಸೊ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದ, ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆಸಿದ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಬೇಕು, ಕೆಲ ದಿನ ಹುಡುಗಿ ಯಾದಗಿರಿಯಲ್ಲಿರಬೇಕು ಎಂದು ಅಯ್ಯಣ್ಣನಿಗೆ ಹೇಳಿದ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದೊಂದಿಗೆ ಅನ್ವರಬಿ ಅವಳನ್ನು ಬಾಲಮಂದಿರಕ್ಕೆ ಕರೆದುಕೊಂಡು ಹೊರಟಳು.

ಅಮೋಘಸಿದ್ದ ಜೀಪಿನ ತನಕ ಬಂದ. "ಲಗ್ನದೊಳಗ ಬರ್ತಾಳಲ್ರಿ ಸಾಹೇಬ್ರ?"

"ಕೋರ್ಟಿನ ಕೆಲಸ. ಹೇಳಾಕ ಆಗೋದಿಲ್ಲ."

ಲಗ್ನಕ್ಕೆ ಅಡ್ಡಿಯಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಮಾತು ಕಲಿಯಲು ಅವನಿಗೆ ಇಡೀ ನೌಕರಿ ಬೇಕಾಗಿತ್ತು.

ಶುಕ್ರವಾರ ಮಧ್ಯಾಹ್ನ ಎಸ್ಪಿ ಕಚೇರಿಯ ಪರದೆಯ ಮೇಲೆ ತೆರೆಸಾ ಕಂಡಳು. ಐವತ್ತು ದಾಟಿದ ಹೆಂಗಸು, ನಿದ್ದೆಗೆಟ್ಟ ಕಣ್ಣು. ಅವಳ ಇಂಗ್ಲಿಷೂ ಇವನ ಇಂಗ್ಲಿಷೂ ಕುಂಟುತ್ತಿದ್ದುದರಿಂದ ಮಾತು ಸಲೀಸಾಯಿತು. ಕಂಪನಿಯಿಂದ ಅಳಿಸಿದ ಸಂದೇಶಗಳು ಬಂದಿದ್ದವು. ಹೆಸರು ಕೊಟ್ಟವನ ಖಾತೆ ತೆರೆದದ್ದು ಯಾವ ನಂಬರಿನಿಂದ ಎಂಬುದೂ ಇತ್ತು. ನಂಬರು ತಿಮ್ಮವ್ವನ ಹೆಸರಿನದು. ಬಳಸುತ್ತಿದ್ದವನು ಮಗ ಎಂಬುದು ಬುಧವಾರ ಅವನೇ ಬರೆದುಕೊಟ್ಟ ನಂಬರಿನಿಂದ ಖಚಿತವಾಯಿತು.

"ಧ್ವನಿ ಯಾಕೆ ಕಳಿಸಿದ?" ಎಂದು ಮರಿಲಿಂಗಪ್ಪ ಕೇಳಿದ.

"ನೀನು ಭಾರತದ ಹಳ್ಳಿಯವನಲ್ಲ, ಸುಳ್ಳುಗಾರ ಎಂದು ಉಳಿದವರು ಹಂಗಿಸಿದರು. ಅದಕ್ಕೆ ಪುರಾವೆಯಾಗಿ ಕಳಿಸಿದ." ತೆರೆಸಾ ಒಂದು ಹಾಳೆ ಎತ್ತಿಕೊಂಡಳು. "ಇದನ್ನೂ ಕೇಳಿ. ಅಕ್ಟೋಬರ್ ಇಪ್ಪತ್ತೈದರಂದು ಅವನು ಗುಂಪಿಗೆ ಬರೆದದ್ದು. 'ಸಾಕು. ಅವಳ ಶಾಲೆ ಬಿಡಿಸಿದ್ದಾರೆ. ನನ್ನ ಕೆಲಸ ಆಯಿತು. ಇನ್ನು ಬಿಡಿ.' ಉಳಿದವರು ನಕ್ಕರು. 'ನಾವು ಈಗಷ್ಟೇ ಶುರು ಮಾಡಿದ್ದೇವೆ' ಎಂದರು. ಅವನು ಮತ್ತೆ ಮತ್ತೆ ಬೇಡಿಕೊಂಡಿದ್ದಾನೆ. ಹೆಚ್ಚು ಮಾತಾಡಿದರೆ ನೀನು ಯಾರೆಂದು ಅವಳಿಗೇ ಹೇಳುತ್ತೇವೆ ಎಂದು ಹೆದರಿಸಿದ್ದಾರೆ."

ಮರಿಲಿಂಗಪ್ಪ ಎದ್ದು ನಿಂತ. "ಇವತ್ತೇ ಹಿಡಿಯುತ್ತೇನೆ."

"ಬೇಡ," ಎಂದಳು ತೆರೆಸಾ. "ಸೋಮವಾರದವರೆಗೆ ನಿಲ್ಲಿ. ಇಲ್ಲಿಬ್ಬರು, ಇನ್ನೂ ಮೂರು ದೇಶಗಳಲ್ಲಿ ನಾಲ್ವರು. ಒಬ್ಬ ಸಿಕ್ಕಿದ ಸುಳಿವು ಹತ್ತಿದರೆ ಉಳಿದವರು ಎಲ್ಲ ಅಳಿಸಿ ಮಾಯವಾಗುತ್ತಾರೆ. ಅವರ ಪಟ್ಟಿಯಲ್ಲಿ ಇನ್ನೂ ಹುಡುಗಿಯರಿದ್ದಾರೆ. ನಿಮ್ಮ ಹುಡುಗಿ ಈಗ ನಿಮ್ಮ ಕಾವಲಿನಲ್ಲಿದ್ದಾಳೆ. ಅವರಿಗೆ ಕಾವಲಿಲ್ಲ."

ಅವಳು ಹೇಳಿದ್ದು ಸರಿಯಿತ್ತು, ಅದಕ್ಕೇ ಅವನಿಗೆ ಸಿಟ್ಟು ಬಂತು. ಸೋಮವಾರ ಭಾರತದ ವೇಳೆ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ದೇಶಗಳಲ್ಲೂ ಒಟ್ಟಿಗೇ ಬಾಗಿಲು ತಟ್ಟುವುದೆಂದು ತೀರ್ಮಾನವಾಯಿತು. ಲಿಸ್ಬನ್ನಿನಲ್ಲಿ ಆಗ ಬೆಳಗಿನ ಆರೂವರೆ.

ಮೂರು ದಿನ ಕಳೆಯುವುದು ಮರಿಲಿಂಗಪ್ಪನಿಗೆ ಮೂರು ವರ್ಷವಾಯಿತು. ಹೆಡ್ ಕಾನ್‌ಸ್ಟೇಬಲ್ ಖಾಜಾಹುಸೇನ ಲುಂಗಿ ಉಟ್ಟು, ಕುರಿ ಕೊಳ್ಳುವ ವ್ಯಾಪಾರಿಯ ವೇಷದಲ್ಲಿ ಅಮೋಘಸಿದ್ದನ ಊರಿನಲ್ಲೇ ಸುಳಿದಾಡಿದ. ಅನ್ವರಬಿ ಬಾಲಮಂದಿರದಲ್ಲಿ ಮಾಳಮ್ಮನ ಪಕ್ಕದ ಚಾಪೆಯ ಮೇಲೆ ಮಲಗಿದಳು.

ನವೆಂಬರ್ ೧೧, ಸೋಮವಾರ. ಬೆಳಿಗ್ಗೆ ಕಾಲುವೆಗೆ ನೀರು ಬಿಟ್ಟರು. ಅಮೋಘಸಿದ್ದ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುರಪುರಕ್ಕೆ ಹೊರಟಿದ್ದಾನೆ, ಲಗ್ನದ ಜವಳಿ ತೆಗೆಯಲು ಎಂದು ಖಾಜಾಹುಸೇನ ಫೋನ್ ಮಾಡಿದ. ಪೇಟೆಯಲ್ಲಿ ಅವರು ಹೊಕ್ಕ ಬಟ್ಟೆ ಅಂಗಡಿಯ ಎದುರಿನ ಚಹಾದ ಹೋಟೆಲಿನಲ್ಲಿ ಮರಿಲಿಂಗಪ್ಪ ಕುಳಿತ. ಗಾಜಿನಾಚೆ ಎಲ್ಲ ಕಾಣುತ್ತಿತ್ತು. ತಿಮ್ಮವ್ವ ಚಕ್ಕಳಬಕ್ಕಳ ಹಾಕಿ ಕುಳಿತು ಸೀರೆಯ ಅಂಚು ಜಗ್ಗಿ ನೋಡುತ್ತಿದ್ದಳು. ಅಮೋಘಸಿದ್ದ ಒಂದು ಹಸಿರು ಸೀರೆ ಎತ್ತಿ ಬೆಳಕಿಗೆ ಹಿಡಿದ. ಹದಿನಾರು ವರ್ಷದ ಹುಡುಗಿಯ ಎತ್ತರವನ್ನು ಕೈಯಲ್ಲೇ ತೋರಿಸಿ ಅಂಗಡಿಯವನಿಗೆ ಏನೋ ಕೇಳಿದ. ಮರಿಲಿಂಗಪ್ಪನ ಚಹಾ ಆರಿಹೋಯಿತು.

ಹನ್ನೆರಡಕ್ಕೆ ಫೋನ್ ಬಂತು. ತೆರೆಸಾ ಒಂದೇ ಮಾತು ಹೇಳಿದಳು. ಅವನು ರಸ್ತೆ ದಾಟಿದ. ಬೈಕಿನ ಹಿಂದೆಯೇ ಬಂದಿದ್ದ ಖಾಜಾಹುಸೇನ ಅಂಗಡಿಯ ಬಾಗಿಲಿಗೆ ಅಡ್ಡ ನಿಂತ.

"ಅಮೋಘಸಿದ್ದ, ಫೋನ್ ಕೊಡು."

"ಯಾಕ್ರಿ ಸಾಹೇಬ್ರ? ಮಾಳಿಗಿ ಏನರೆ ಆಯ್ತೇನ್ರಿ?"

"ಆಕೀಗೆ ಆಗಿದ್ದು ನೀ ಮಾಡಿದ್ದು. ಫೋನ್ ಕೊಡು."

ಅವನ ಕೈಯಿಂದ ಸೀರೆ ಜಾರಿತು. ಓಡಲಿಲ್ಲ, ಕೂಗಾಡಲಿಲ್ಲ. ಬಂಧನದ ಕಾರಣ ತಿಳಿಸಿ, ಅಂಗಡಿಯ ಇಬ್ಬರನ್ನು ಪಂಚರನ್ನಾಗಿ ಕೂರಿಸಿ, ಫೋನ್ ಜಪ್ತಿಯ ಪಂಚನಾಮೆ ಬರೆಸಿದರು. ಜೀಪಿನಲ್ಲಿ ಲಿಸ್ಬನ್ನಿನ ಪತ್ರದ ಸುದ್ದಿ ಕೇಳಿದ ಬುಧವಾರವೇ ಅಮೋಘಸಿದ್ದ ಫೋನನ್ನು ಪೂರ್ತಿ ಅಳಿಸಿದ್ದ. ಅದರಲ್ಲಿ ಏನೂ ಇರಲಿಲ್ಲ. ಆದರೆ ಅವನು ಆಡಿದ ಒಂದೊಂದು ಮಾತೂ ಲಿಸ್ಬನ್ನಿನಲ್ಲಿ ಭದ್ರವಾಗಿತ್ತು. ತಿಮ್ಮವ್ವ ಮಾತ್ರ ಸೀರೆ ಮಡಚುವುದು ನಿಲ್ಲಿಸಲಿಲ್ಲ. ಏನು ನಡೆಯುತ್ತಿದೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಯಾದಗಿರಿಯ ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ಗುಂಪಿಗಿ ಹೆಂಗ ಸೇರಿದಿ?"

"ಕುರಿ ಕಾಯ್ವಾಗ ಫೋನಿನಾಗ ಆಟ ಆಡ್ತಿದ್ದೆರಿ. ಆಟದಾಗ ಸಿಕ್ಕವ್ರು ಕರದ್ರು."

"ಅವ್ರು ಯಾರು?"

"ನಂಗೂ ಗೊತ್ತಿಲ್ರಿ. ಭಾಷಾ ಫೋನೇ ತಿರುವಿ ಕೊಡ್ತಿತ್ತು."

"ಲಿಸ್ಬನ್ನಿನ ಹುಡುಗಿ ಸತ್ತಿದ್ದು ಮಾಲೂಮಿತ್ತೇನು?"

ಅವನು ತಲೆ ತಗ್ಗಿಸಿದ. "ಆಮ್ಯಾಲ ಮಾಲೂಮಾತ್ರಿ. ಹೆಸರು ಕೊಟ್ಟ ಮ್ಯಾಲ."

"ಮಾಲೂಮಾದ ಮ್ಯಾಲ ಯಾಕ ಬರ್ಲಿಲ್ಲ ಠಾಣಿಗಿ?"

ಅವನು ಉಗುರಿನಿಂದ ಮೇಜಿನ ಅಂಚು ಕೆರೆದ.

"ಆಕೀನ್ನ ಸಾಯಿಸಬೇಕಂತ ಇತ್ತೇನು?"

"ಇಲ್ರಿ! ನಮ್ಮವ್ವನಾಣಿ ಇಲ್ರಿ!" ಮೊದಲ ಬಾರಿಗೆ ಅವನ ದನಿ ಏರಿತು. "ಸಾಲಿ ಬಿಡಿಸಿ ಮನ್ಯಾಗ ಕುಂದರಸ್ಲಿ ಅಂತಿದ್ದೆ, ಅಷ್ಟೇ. ಚಿತ್ರ ಬಂದ್ರ ಅಯ್ಯಣ್ಣ ಮಾವ ಸಾಲಿ ಬಿಡಸ್ತಾನ, ಫೋನ್ ಕಸಗೋತಾನ, ನಂಗೇ ಕೊಡ್ತಾನ ಅಂತ ಗೊತ್ತಿತ್ತು. ಹಂಗೇ ಆತು. ಆದ್ರ ಅವ್ರು ಬಿಡ್ಲಿಲ್ರಿ. ಕೈ ಮುಗದೀನಿ, ಬಿಡ್ಲಿಲ್ಲ."

ಹೊತ್ತಿದ ಮನೆಯಲ್ಲಿ ಗಳ ಹಿರಿಯುವವರನ್ನು ಮರಿಲಿಂಗಪ್ಪ ಬಹಳ ಕಂಡಿದ್ದ. ಗಳ ಬೇಕೆಂದು ಮನೆಗೇ ಬೆಂಕಿ ಇಟ್ಟವನನ್ನು ಕಂಡದ್ದು ಈಗ. ಈ ಹುಡುಗನಿಗೆ ತನ್ನ ಮನೆಯವರು ಹೇಗೆ ನಡೆಯುತ್ತಾರೆ ಎಂಬುದು ಅಂಗೈಯ ಗೆರೆಯಷ್ಟು ಗೊತ್ತಿತ್ತು. ಹೊರಗಿನವರೂ ಹಾಗೇ, ಹುಡುಗಿ ಮನೆ ಸೇರಿದರೆ ಅವರ ಕೆಲಸವೂ ಮುಗಿಯಿತು ಎಂದು ತಿಳಿದಿದ್ದ.

"ಯಾಕ ಮಾಡಿದಿ ಇದನ್ನ? ಖರೆ ಹೇಳು."

ಅಮೋಘಸಿದ್ದ ಕುರ್ಚಿಯ ತುದಿಗೆ ಸರಿದ. "ಜುಲೈದಾಗ ಆಕಿ ಕಾಲೇಜಿಗಿ ಹೋಗಿದ್ದೆರಿ. ಬುತ್ತಿ ಕೊಡಾಕ. ಗೆಳತ್ಯಾರು ಇದ್ರು. ಯಾರೇ ಇವ, ಅಂತ ಕೇಳಿದ್ರು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಮಾವ ಅನ್ಲಿಲ್ರಿ ಆಕಿ. ನಮ್ಮೂರ ಕಡಿಯಾಂವ ಅಂದ್ಳು. ಬುತ್ತಿ ಇಸ್ಕೊಂಡು ಒಳಗ ಹೋದ್ಳು. ಸಣ್ಣಾಕಿ ಇದ್ದಾಗ ಹೆಗಲ ಮ್ಯಾಲ ಹೊತ್ತು ತಿರುಗೀನ್ರಿ ಆಕೀನ್ನ."

ಅಷ್ಟೇ. ಮರಿಲಿಂಗಪ್ಪ ಇನ್ನೂ ಏನಾದರೂ ಬರಬಹುದೆಂದು ಕಾದ. ಏನೂ ಬರಲಿಲ್ಲ. ಹೇಳಿಕೆಗೆ ಸಹಿ ಹಾಕಿಸಿ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಕಳಿಸಿದ.

ಸಂಜೆ ಹೊರಗೆ ಬಂದಾಗ ಠಾಣೆಯ ಕಟ್ಟೆಯ ಮೇಲೆ ತಿಮ್ಮವ್ವ, ಅಯ್ಯಣ್ಣ, ಹಣಮಮ್ಮ ಕುಳಿತಿದ್ದರು. ಅವರಿಗೆ ಎಲ್ಲ ಹೇಳಿ ಆಗಿತ್ತು. ಹಣಮಮ್ಮ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. ಒಂದು ಕಡೆ ಹೊಟ್ಟೆಯ ಮಗಳು, ಒಂದು ಕಡೆ ಒಡಹುಟ್ಟಿದವನು. ಅಯ್ಯಣ್ಣ ಕೈ ಮುಗಿದು ಎದ್ದ.

"ಸಾಹೇಬ್ರ, ಒಂದು ಮಾತು ಕೇಳ್ತೀವಿ, ಸಿಟ್ಟಾಗಬ್ಯಾಡ್ರಿ. ಎಷ್ಟ ದಿನಕ್ಕ ಬಿಡ್ತಾರ್ರಿ ಅವನ್ನ?"

"ಯಾಕ?"

ಅಯ್ಯಣ್ಣ ಮುದುಕಿಯ ಕಡೆ ನೋಡಿದ. ತಿಮ್ಮವ್ವ ಸೆರಗು ಬಾಯಿಗೆ ಹಿಡಿದು ಹೇಳಿದಳು. "ಲಗ್ನ ಮುಂದ ಹಾಕ್ತೀವಿ ಯಪ್ಪಾ. ಕಾನೂನು ಅಂತೀಯಲ್ಲ, ಹದಿನೆಂಟು ತುಂಬ್ಲಿ, ಕಾಯ್ತೀವಿ. ಮಾಡಿದಾಂವ ಅವನೇ ಆದ್ರೂ, ಹೆಸರು ಕೆಟ್ಟ ಹುಡುಗೀನ ಅವ ಬಿಟ್ರ ಮತ್ಯಾರು ಮಾಡ್ಕೋತಾರ?"

ಮರಿಲಿಂಗಪ್ಪ ಹಣಮಮ್ಮನ ಮುಖ ನೋಡಿದ. ಅವಳು ಬೇಡ ಎನ್ನಲಿಲ್ಲ. ಅವನಿಗೆ ಬೈಯಬೇಕೆನ್ನಿಸಿತು, ಬೈದ ಕೂಡ. ಮೂವರೂ ತಲೆ ತಗ್ಗಿಸಿ ಕೇಳಿಸಿಕೊಂಡರು, ಎದ್ದು ಹೋಗಲಿಲ್ಲ. ಬೈದು ಮುಗಿದ ಮೇಲೆ ಅಯ್ಯಣ್ಣ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನೂ ಮೆಲ್ಲಗೆ ಕೇಳಿದ.

ಒಳಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತ. ತೆರೆಸಾಳ ಸಂದೇಶ ಬಂದಿತ್ತು. ಆರೂ ಜನ ಸಿಕ್ಕಿದ್ದಾರೆ, ಲಿಸ್ಬನ್ನಿನ ಹುಡುಗಿಯ ತಾಯಿಗೆ ಸುದ್ದಿ ಮುಟ್ಟಿಸಿದ್ದೇನೆ, ಅವಳು ನಿಮ್ಮ ಹುಡುಗಿಯ ಬಗ್ಗೆ ಕೇಳುತ್ತಿದ್ದಾಳೆ. ಕೊನೆಯಲ್ಲಿ ಒಂದೇ ಸಾಲು: ಅವಳು ಸುರಕ್ಷಿತವಾಗಿದ್ದಾಳೆಯೇ?

ಮರಿಲಿಂಗಪ್ಪ 'ಹೌದು' ಎಂದು ಬರೆದ. ಕಿಟಕಿಯಾಚೆ ಕಟ್ಟೆಯ ಮೇಲೆ ಮೂವರೂ ಹಾಗೇ ಕುಳಿತಿದ್ದರು. ಬರೆದದ್ದನ್ನು ಅಳಿಸಿದ. ಬಾಲಮಂದಿರಕ್ಕೆ ಫೋನ್ ಹಚ್ಚಿ ಅನ್ವರಬಿಯನ್ನು ಕೇಳಿದ.

"ಉಂಡಾಳ್ರಿ ಸರ್. ಈಗ ಮಲಗ್ಯಾಳ. ಮಾವ ಯಾಕ ಹಿಂಗ ಮಾಡ್ದ ಅಂತ ಕೇಳಿದ್ಳು. ನಾ ಏನೂ ಹೇಳ್ಲಿಲ್ಲ."

ಫೋನಿಟ್ಟು, ತನ್ನ ಕುಂಟು ಇಂಗ್ಲಿಷಿನಲ್ಲಿ ಬರೆದ: ಬದುಕಿದ್ದಾಳೆ.